ಬೆಲೆ ಯಾರು ತೆತ್ತರು ಅಂತ ಕೇಳು

ತಮ್ಮಾ, ನಿನ್ನ ಸಿಟ್ಟು ನನಗೆ ಇಷ್ಟ. ಅನ್ಯಾಯ ಕಣ್ಣೆದುರೇ ನಡೆದರೂ ಮೊಬೈಲ್ ತಿಕ್ಕುತ್ತ ಕೂಡುವವರ ನಡುವೆ ನೀನಾದರೂ ಎದ್ದು ನಿಲ್ಲುತ್ತೀ. ಮೇಡ್ಲೇರಿಯ ಚಹಾದಂಗಡಿಯಲ್ಲಿ ಕ್ರಾಂತಿ, ಸಮಾನತೆ ಅಂತ ಮಾತು ಬಂದರೆ ನಿನ್ನ ದನಿ ಅಗಸಿಯವರೆಗೆ ಕೇಳುತ್ತದೆ. ಕೇಳಲಿ. ಆದರೆ ನಿನ್ನ ತೀರ್ಪು ಸಿಟ್ಟಿಗಿಂತ ಮುಂದೆ ಓಡುತ್ತದೆ, ನನಗೆ ಅಲ್ಲೇ ಚಿಂತೆ. ಒಬ್ಬ ನಾಯಕನ ಫೋಟೊ ತಿಂಗಳುಗಟ್ಟಲೆ ನಿನ್ನ ಸ್ಟೇಟಸ್ಸಿನಲ್ಲಿತ್ತು. ಆತ ಮಾತು ಬದಲಿಸಿದ ಅಂತ ಸುದ್ದಿ ಬಂದ ಸಂಜೆಯೇ ‘ಎಲ್ಲರೂ ಕಳ್ಳರು, ಸಿದ್ಧಾಂತ ಅನ್ನೋದೇ ಬೊಗಳೆ’ ಅಂದುಬಿಟ್ಟೆ. ನಿನ್ನೆ ದೇವರು, ಇವತ್ತು ದೆವ್ವ. ನಡುವೆ ಒಂದು ರಾತ್ರಿ ಕೂತು ವಿಚಾರ ಮಾಡುವಷ್ಟೂ ಪುರುಸೊತ್ತಿಲ್ಲ ನಿನಗೆ!

ಕ್ರಾಂತಿಯ ನಾಯಕರು ತಾವು ಹೇಳಿದ ಸಿದ್ಧಾಂತಕ್ಕೆ ಕೊನೆವರೆಗೆ ನಿಷ್ಠರಾಗಿರುತ್ತಾರೇನು ಅಂತ ನೀನು ಕೇಳುತ್ತೀ. ನೇರವಾಗಿ ಹೇಳುತ್ತೇನೆ: ಪೂರ್ತಿ ಯಾರೂ ಇಲ್ಲ. ಎಲ್ಲೋ ಒಂದು ಕಡೆ ಎಲ್ಲರೂ ಬಾಗಿದ್ದಾರೆ. ಕೆಲವರು ಬಾಗಿದ್ದೇ ಒಳ್ಳೆಯದಾಯಿತು, ಕೆಲವರು ಬಾಗಿದ್ದು ಊರು ಹಾಳು ಮಾಡಿತು. ಹಾಗಾಗಿ ಬಾಗಿದರೋ ಇಲ್ಲವೋ ಎಂಬ ಲೆಕ್ಕ ಹಿಡಿದು ಕೂತರೆ ನೀನು ಯಾರನ್ನೂ ತಿಳಿದುಕೊಳ್ಳುವುದಿಲ್ಲ. ಬಾಗಿದಾಗ ಅದರ ಬೆಲೆ ತೆತ್ತವರು ಯಾರು ಅಂತ ಕೇಳು. ತಾವೇ ತೆತ್ತರೋ, ಬೇರೆಯವರ ಮಕ್ಕಳ ಕೈಯಿಂದ ತೆರಿಸಿದರೋ?

ಇದಕ್ಕೆ ಮೊದಲಿಗೇ ರಷ್ಯಾ, ಕ್ಯೂಬಾ ಅಂತ ದೂರ ಹೋಗಬೇಡ. ರಾಣೆಬೆನ್ನೂರಿನಿಂದ ಹಾವೇರಿಗೆ ಹೋಗುವ ಹೆದ್ದಾರಿಯಲ್ಲೇ ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರು ಸಿಗುತ್ತದೆ. ಮೈಲಾರ ಮಹಾದೇವಪ್ಪನವರು ಹುಟ್ಟಿದ ಊರು, 1911ರ ಜೂನ್ 8ರಂದು. 1930ರ ಮಾರ್ಚ್ 12ರಂದು ಗಾಂಧೀಜಿ ಸಾಬರಮತಿಯಿಂದ ದಂಡಿಗೆ ಹೊರಟಾಗ ಜೊತೆಗೆ ನಡೆಯಲು ಆರಿಸಿಕೊಂಡವರಲ್ಲಿ ಕರ್ನಾಟಕದವರು ಅಂತ ಇದ್ದದ್ದು ಇವರೊಬ್ಬರೇ. ಪಟ್ಟಿಯಲ್ಲಿ ಹೆಸರು ಮಹಾದೇವ ಮಾರ್ತಾಂಡ, ವಯಸ್ಸು 18. ಹೆಚ್ಚುಕಡಿಮೆ ನಿನ್ನದೇ ವಯಸ್ಸು. ನೀನು ರಾಣೆಬೆನ್ನೂರಿಗೆ ಹೋಗಲು ಬಸ್ ತಡವಾದರೆ ಮುಖ ಸಿಂಡರಿಸುತ್ತೀ. ಅವರು ಸುಡುಬಿಸಿಲಲ್ಲಿ ಸಮುದ್ರದವರೆಗೆ ನಡೆದರು.

ಆಮೇಲೆ ಜೈಲು, ಖಾದಿ, ಗ್ರಾಮಸೇವೆ. ಹೆಂಡತಿ ಸಿದ್ಧಮ್ಮನವರೂ ಚಳವಳಿಗೆ ಇಳಿದು ಸೆರೆಮನೆ ಕಂಡವರು. ಮಹಾದೇವಪ್ಪನವರ ಬ್ಯಾನರ್ ಬರೆಸುವಾಗ ಆಕೆಯ ಹೆಸರು ನಿಮಗೆ ನೆನಪಾಗುವುದಿಲ್ಲ. ಇದೂ ಒಂದು ಅನ್ಯಾಯ, ಮುಂದಿನ ಸಲ ತಿದ್ದಿಕೊಳ್ಳಿ.

1942ರ ಆಗಸ್ಟಿನಲ್ಲಿ ಕ್ವಿಟ್ ಇಂಡಿಯಾ ಕರೆ ಬಂತು. ಮರುದಿನವೇ ಗಾಂಧೀಜಿ ಜೈಲು ಸೇರಿದರು. ಹೇಳುವವರಿಲ್ಲ, ಕೇಳುವವರಿಲ್ಲ. ಆಗ ನಮ್ಮ ಸೀಮೆಯಲ್ಲಿ ಮಹಾದೇವಪ್ಪನವರ ತಂಡ ಸರಕಾರದ ಆಡಳಿತವನ್ನೇ ನಿಲ್ಲಿಸಲು ಹೊರಟಿತು. ರಾತ್ರಿ ಓಡಾಟ, ಹಗಲು ತಲೆಮರೆಸಿಕೊಳ್ಳುವುದು. ಟಪಾಲು, ರೈಲು ನಿಲ್ದಾಣ, ಚಾವಡಿ, ಕಂದಾಯದ ಹಣ ಇವರ ಗುರಿ. ಈಗ ಗಾಂಧೀಜಿಯ ಸಿದ್ಧಾಂತ ಏನು ಹೇಳುತ್ತದೆ ನೋಡು. ಸತ್ಯಾಗ್ರಹಿ ಬಚ್ಚಿಟ್ಟುಕೊಳ್ಳಬಾರದು, ಮಾಡುವುದನ್ನು ಹೇಳಿಯೇ ಮಾಡಬೇಕು, ಶಿಕ್ಷೆಗೆ ಎದುರು ನಿಲ್ಲಬೇಕು. ಗಾಂಧೀಜಿ 1944ರಲ್ಲಿ ಹೊರಬಂದ ಮೇಲೆ ಭೂಗತರಾಗಿದ್ದವರಿಗೆ ಹೊರಗೆ ಬನ್ನಿ, ಗುಟ್ಟಿನ ಕೆಲಸ ನಮ್ಮದಲ್ಲ ಅಂತಲೇ ಹೇಳಿದರು. ಅಂದಮೇಲೆ ದಂಡಿಯಲ್ಲಿ ಗುರುವಿನ ಹಿಂದೆ ನಡೆದ ಹುಡುಗ, ಮುಂದೆ ಗುರು ಒಪ್ಪದ ದಾರಿ ಹಿಡಿದ ಅಂತಾಯಿತು. ನಾವು ಹುತಾತ್ಮರ ಬಗ್ಗೆ ಇಂಥ ಮಾತು ಆಡಲು ಹೆದರುತ್ತೇವೆ. ಹೆದರಬೇಕಾಗಿಲ್ಲ. ಅವರು ಅಷ್ಟು ಸಣ್ಣವರಲ್ಲ.

ಆದರೆ ಪೂರ್ತಿ ನೋಡು. ದಾರಿ ಬದಲಾಯಿತು, ಗುರಿ ಮನುಷ್ಯರ ಪ್ರಾಣ ಆಗಲಿಲ್ಲ. ಸರಕಾರದ ಕೈಕಾಲು ಕಟ್ಟಬೇಕು ಅನ್ನುವುದಷ್ಟೇ ಇತ್ತು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ, ವೀರಭದ್ರ ದೇವಸ್ಥಾನದಲ್ಲಿ ಇಟ್ಟಿದ್ದ ಕಂದಾಯದ ಹಣಕ್ಕೆ ಕೈಹಾಕಲು ಹೋದಾಗ ಪೊಲೀಸರ ಗುಂಡು ಬಿತ್ತು. ಮಹಾದೇವಪ್ಪನವರ ಜೊತೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಇಬ್ಬರೂ ಸತ್ತರು. ಮಹಾದೇವಪ್ಪನವರಿಗೆ ಆಗ ಇನ್ನೂ 32 ತುಂಬಿರಲಿಲ್ಲ. ಸಂಗಡಿಗರನ್ನು ಮುಂದೆ ತಳ್ಳಿ ತಾವು ಮರೆಯಲ್ಲಿ ನಿಂತವರಲ್ಲ. ಸಿದ್ಧಾಂತವನ್ನು ಬಾಗಿಸಿದರು, ಬಾಗಿಸಿದ್ದಕ್ಕೆ ತಮ್ಮ ಎದೆಯನ್ನೇ ಕೊಟ್ಟರು. ಇವರನ್ನು ಸಿದ್ಧಾಂತ ಬಿಟ್ಟವರು ಅನ್ನಲು ನಿನಗೆ ಬಾಯಿ ಬರುತ್ತದೇನು? ನನಗಂತೂ ಬರುವುದಿಲ್ಲ.

ಅದೇ ಮೋಟೆಬೆನ್ನೂರಿನ ಪಕ್ಕದಲ್ಲೇ ಬ್ಯಾಡಗಿ ಪೇಟೆ. 2024ರ ಮಾರ್ಚ್ 11ರಂದು ಮೆಣಸಿನಕಾಯಿ ದರ ಒಮ್ಮೆಲೇ ಬಿದ್ದಿತು ಅಂತ ರೈತರು ರೊಚ್ಚಿಗೆದ್ದರು. ಎಪಿಎಂಸಿ ಕಚೇರಿಗೆ ಕಲ್ಲು ಬಿತ್ತು, ವಾಹನಗಳಿಗೆ ಬೆಂಕಿ ಬಿತ್ತು. ವಿಡಿಯೊ ನೋಡಿ ನೀನು ‘ಇದೇ ಕ್ರಾಂತಿ’ ಅಂದೆ. ರೈತನ ಸಿಟ್ಟಿಗೆ ಕಾರಣ ಇತ್ತು. ವರ್ಷವಿಡೀ ಬೆನ್ನು ಬಗ್ಗಿಸಿ, ಚೀಲ ತುಂಬಿ, ಬಾಡಿಗೆ ಲಾರಿಯಲ್ಲಿ ಹೇರಿಕೊಂಡು ಬಂದವನಿಗೆ ಹರಾಜಿನ ಚೀಟಿ ನೋಡಿದಾಗ ಕಣ್ಣು ಕತ್ತಲೆ ಬರುತ್ತದೆ, ಅದು ನನಗೂ ಗೊತ್ತು. ಆದರೆ ಗುಂಪಿನಲ್ಲಿ ಹಚ್ಚಿದ ಬೆಂಕಿಗೆ ಹಚ್ಚಿದವನ ಹೆಸರು ಇರುವುದಿಲ್ಲ. ಕೇಸು ಬಿದ್ದು ಕೋರ್ಟು ಅಲೆಯುವ ಪಾಳಿ ಬಂದಾಗ, ಹುರಿದುಂಬಿಸಿದವರು ಸಿಗುವುದಿಲ್ಲ. ಹೊಸರಿತ್ತಿಗೂ ಬ್ಯಾಡಗಿಗೂ ಇರುವ ಅಂತರ ಅದು. ಎರಡು ಕಡೆಯೂ ಸರಕಾರದ ಆಸ್ತಿಗೆ ಕೈ ಹಾಕಿದ್ದೇ, ಸರಿ. ಆದರೆ ಹೊಸರಿತ್ತಿಯಲ್ಲಿ ಮಾಡಿದವರೇ ಮುಂದೆ ನಿಂತು ಹೊಣೆ ಹೊತ್ತರು.

ಇನ್ನು ಹೊರಗಿನ ಲೋಕದ ಮಾತು. ಫ್ರಾನ್ಸಿನ ರೋಬೆಸ್‌ಪಿಯರ್ 1791ರಲ್ಲಿ ಮರಣದಂಡನೆಯೇ ಬೇಡ ಅಂತ ಸಭೆಯಲ್ಲಿ ವಾದಿಸಿದವನು. ಎರಡೇ ವರ್ಷದಲ್ಲಿ ಕ್ರಾಂತಿ ಉಳಿಸುವ ಹೆಸರಿನಲ್ಲಿ ಸಾವಿರಾರು ಜನರ ತಲೆ ಉರುಳುವ ಆಡಳಿತಕ್ಕೆ ಮುಂದಾಳಾದ. ಕೊನೆಗೆ 1794ರ ಜುಲೈನಲ್ಲಿ ತಲೆ ಕತ್ತರಿಸುವ ಅದೇ ಯಂತ್ರ, ಗಿಲೊಟಿನ್, ಆತನ ಕೊರಳಿಗೂ ಬಂತು. ತಾನೂ ಬೆಲೆ ತೆತ್ತನಲ್ಲ ಅಂತ ನೀನು ವಾದಿಸಬಹುದು. ಎಲ್ಲರ ಕೈಯಿಂದ ತೆರಿಸಿ ಮುಗಿದ ಮೇಲೆ ತೆತ್ತ ತಮ್ಮಾ, ಅದೂ ತಪ್ಪಿಸಿಕೊಳ್ಳಲಾಗದೆ.

ಇದಕ್ಕೆ ಎದುರಾಗಿ ಗಾಂಧೀಜಿಯ ಚೌರಿಚೌರಾ ನೆನಪು ಮಾಡಿಕೋ. 1922ರ ಫೆಬ್ರುವರಿಯಲ್ಲಿ ಆ ಊರಲ್ಲಿ ಚಳವಳಿಗಾರರ ಗುಂಪು ಪೊಲೀಸ್ ಠಾಣೆ ಸುಟ್ಟು ಪೊಲೀಸರನ್ನು ಕೊಂದಿತು. ದೇಶವೆಲ್ಲ ಎದ್ದು ನಿಂತಿದ್ದ ಹೊತ್ತಿನಲ್ಲಿ ಗಾಂಧೀಜಿ ಅಸಹಕಾರ ಚಳವಳಿಯನ್ನೇ ನಿಲ್ಲಿಸಿದರು. ಜೈಲಲ್ಲಿದ್ದ ಸಂಗಡಿಗರೇ ಸಿಟ್ಟಾದರು. ಗಾಂಧೀಜಿ ಉಪವಾಸ ಕೂತರು, ಮುಂದಿನ ತಿಂಗಳು ಬಂಧನವಾದಾಗ ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡು 6 ವರ್ಷದ ಶಿಕ್ಷೆ ತೆಗೆದುಕೊಂಡರು. ಸಿದ್ಧಾಂತ ಬಿಡದಿದ್ದಕ್ಕೂ ಬೆಲೆ ಇರುತ್ತದೆ, ಅದನ್ನೂ ತಾವೇ ಕೊಡಬೇಕು.

ಸಿದ್ಧಾಂತ ಬಿಡದವನೇ ದೊಡ್ಡವನು ಅಂತ ಇಲ್ಲಿಗೇ ಗಂಟು ಹಾಕಬೇಡ, ನಿನ್ನ ಅವಸರ ಗೊತ್ತು ನನಗೆ. ರಷ್ಯಾದ ಲೆನಿನ್ 1921ರಲ್ಲಿ ತನ್ನ ಸಿದ್ಧಾಂತ ಸಡಿಲಿಸಿ, ರೈತರ ಧಾನ್ಯ ಕಸಿಯುವುದನ್ನು ನಿಲ್ಲಿಸಿ, ತೆರಿಗೆ ಕೊಟ್ಟು ಉಳಿದದ್ದನ್ನು ಪೇಟೆಯಲ್ಲಿ ಮಾರಿಕೊಳ್ಳಿ ಅಂದ. ಪಕ್ಷದವರೇ ಇದು ದ್ರೋಹ ಅಂತ ಗೊಣಗಿದರು. ಹಳ್ಳಿಗಳು ಉಸಿರಾಡಿದವು. ಆಮೇಲೆ ಸ್ಟಾಲಿನ್ ಬಂದು, ಇಲ್ಲ, ಸಿದ್ಧಾಂತವೆಂದರೆ ಸಿದ್ಧಾಂತ ಅಂತ ಹೊಲ, ದನ ಎಲ್ಲ ಒಟ್ಟುಗೂಡಿಸಲು ಹೊರಟ. 1932–33ರ ಬರಗಾಲದಲ್ಲಿ ಲಕ್ಷ ಲಕ್ಷ ರೈತರು ಅನ್ನವಿಲ್ಲದೆ ಸತ್ತರು. ಪುಸ್ತಕಕ್ಕೆ ನಿಷ್ಠೆ ತೋರಿಸಿದವನು ಹಳ್ಳಿಗೆ ಏನು ಮಾಡಿದ ನೋಡು.

ಈಗ ನಮ್ಮ ರೈತ ಸಂಘದ ಹಸಿರು ಶಾಲಿಗೆ ಬರೋಣ. ನಿನ್ನ ಹೆಗಲ ಮೇಲೂ ಅದು ಚೆಂದ ಕಾಣುತ್ತದೆ. ಅದು ಎಲ್ಲಿಂದ ಬಂತು ಗೊತ್ತೇನು? ಮಲಪ್ರಭಾ ಅಚ್ಚುಕಟ್ಟಿನ ರೈತರು ನೀರಿನ ಕರ, ಬೆಟರ್‌ಮೆಂಟ್ ಲೆವಿ ಎಂಬ ತೆರಿಗೆ ಕಟ್ಟಲಾರೆವು ಅಂತ ಎದ್ದು, 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗುಂಡು ತಿಂದರು. ಆ ನೆತ್ತರಿನಿಂದ ರೈತ ಸಂಘ ಹುಟ್ಟಿತು. ಶಿವಮೊಗ್ಗದ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಪ್ರೊಫೆಸರ್ ನಂಜುಂಡಸ್ವಾಮಿ ಅದನ್ನು ಕಟ್ಟಿದರು. ರೈತ ಸಾಲಗಾರನಲ್ಲ, ಸರಕಾರವೇ ಬಾಕಿದಾರ ಅಂದರು. ಅನುಮತಿ ಇಲ್ಲದೆ ಅಧಿಕಾರಿ ಊರೊಳಗೆ ಕಾಲಿಡಬಾರದು ಅಂತ ಅಗಸಿಯಲ್ಲಿ ಬೋರ್ಡು ಹಾಕಿದರು. ಜಪ್ತಿ ಮಾಡಿ ಒಯ್ದ ಸಾಮಾನನ್ನು ಹೋಗಿ ಮರುಜಪ್ತಿ ಮಾಡಿ ತಂದರು. ಬಾಂಡೆ, ನೇಗಿಲು, ಬಾಗಿಲ ಕದ ಒಯ್ದರೆ ಮನೆಯ ಮರ್ಯಾದೆಯೇ ಹೋಯಿತು ಅಂತ ತಲೆ ತಗ್ಗಿಸುತ್ತಿದ್ದ ರೈತ ಆ ಸಂಘದಿಂದ ತಲೆ ಎತ್ತಿದ. ಇದನ್ನು ಮರೆತು ‘ಎಲ್ಲರೂ ಕಳ್ಳರು’ ಅನ್ನಬೇಡ, ನನಗೆ ನೋವಾಗುತ್ತದೆ.

ನಂಜುಂಡಸ್ವಾಮಿಯವರು 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ರೈತರನ್ನು ನುಗ್ಗಿಸಿ ಕಾಗದಪತ್ರ ಸುಡಿಸಿದರು. 1998ರಲ್ಲಿ ಬೇರೊಂದು ಕಂಪನಿಯ ಪ್ರಯೋಗದ ಬಿಟಿ ಹತ್ತಿ ಕಿತ್ತು ಸುಡುವ ಚಳವಳಿ ಮಾಡಿಸಿದರು. ತಮ್ಮದು ಗಾಂಧಿಯ ದಾರಿಯೇ, ಮನುಷ್ಯರಿಗೆ ಪೆಟ್ಟಾಗದಿದ್ದರೆ ಹಿಂಸೆಯಲ್ಲ ಅನ್ನುವುದು ಅವರ ವಾದ. ಹೊಸರಿತ್ತಿಯ ಪ್ರಶ್ನೆಯೇ ಮತ್ತೆ ಬಂದು ನಿಂತಿತು ನೋಡು. ಆದರೆ 2002ರಲ್ಲಿ ಬಿಟಿ ಹತ್ತಿಗೆ ಸರಕಾರ ಪರವಾನಗಿ ಕೊಟ್ಟ ಮೇಲೆ ನಮ್ಮ ಹಾವೇರಿ ಸೀಮೆಯ ಹೊಲಗಳಲ್ಲಿ ಅದೇ ತುಂಬಿತು. ಹಸಿರು ಶಾಲಿನ ಮನೆಗಳೂ ಬಿತ್ತಿದವು. ರಾಣೆಬೆನ್ನೂರಿನ ಸುತ್ತ ಕಂಪನಿಗೆ ಬೀಜ ಮಾಡಿಕೊಟ್ಟು ಬದುಕುವ ಮನೆಗಳು ಎಷ್ಟಿಲ್ಲ! ಬೆಳಿಗ್ಗೆ ಎದ್ದು ಹೂವಿನ ಪರಾಗ ಬೆರೆಸುವ ಕ್ರಾಸಿಂಗಿಗೆ ಹೋಗುವ ಹೆಣ್ಣುಮಕ್ಕಳ ಬೆರಳು ನೋಡು, ಹೂವು ಕಿತ್ತು ಕಿತ್ತು ಕಪ್ಪಾಗಿರುತ್ತವೆ. ಅವರನ್ನು ಸಿದ್ಧಾಂತ ಬಿಟ್ಟವರು ಅಂತ ಬೈಯುವ ಧೈರ್ಯ ಯಾರಿಗಿದೆ? ಮಗಳ ಹಾಸ್ಟೆಲ್ ಫೀ ತುಂಬಬೇಕು, ಬಾವಿಯ ಮೋಟರು ಸುಟ್ಟಿದೆ. ಬಾಗಿದವರೂ ಅವರೇ, ಬೆಲೆ ತೆತ್ತವರೂ ಅವರೇ. ಆ ಬೆರಳಿನ ಲೆಕ್ಕ ಸಿಗದ ಸಿದ್ಧಾಂತವನ್ನೇ ತಿದ್ದಬೇಕು.

ಸಂಘ ಮುಂದೆ ಚುನಾವಣೆಗೆ ಇಳಿಯಿತು. ಬಣ ಒಡೆದವು. 1989ರಲ್ಲಿ ರೈತ ಸಂಘದಿಂದ ಗೆದ್ದ ಬಾಬಾಗೌಡ ಪಾಟೀಲರು 1998ರಲ್ಲಿ ಬಿಜೆಪಿಯಿಂದ ಸಂಸದರಾಗಿ ಕೇಂದ್ರದ ಮಂತ್ರಿಯಾದರು. ಪಕ್ಷ ಬದಲಿಸಿದ್ದೇ ದೊಡ್ಡ ಪಾಪ ಅಂತ ನಾನು ಹೇಳುವುದಿಲ್ಲ. ಹೋದ ಮೇಲೆ ಹಳ್ಳಿಗೆ ಏನು ತಂದರು ಅಂತ ಆ ಭಾಗದ ರೈತರೇ ಹೇಳಬೇಕು.

ಆದರೆ 2008 ನಿನಗೆ ಗೊತ್ತಿರಲೇಬೇಕು. ನೀನಾಗ ಸಣ್ಣವ. ಮೇ 30ರಂದು ಯಡಿಯೂರಪ್ಪನವರು ರೈತರ ಹೆಸರಿನಲ್ಲಿ ಪ್ರಮಾಣ ಮಾಡಿ ಮುಖ್ಯಮಂತ್ರಿಯಾದರು. ಜೂನ್ 10ರಂದು, ಮುಂಗಾರು ಬಿತ್ತನೆಯ ಹೊತ್ತಿನಲ್ಲಿ, ಗೊಬ್ಬರ ಸಿಗದೆ ಹಾವೇರಿಯಲ್ಲಿ ಬೀದಿಗಿಳಿದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಇಬ್ಬರು ರೈತರ ಪ್ರಾಣ ಹೋಯಿತು. ಡಿಎಪಿ ಗೊಬ್ಬರದ ಚೀಲ ಕೇಳಲು ಹೋದವರು ಅವರು, ರಾಜ್ಯ ಕೇಳಲು ಹೋದವರಲ್ಲ. ಪ್ರಮಾಣಕ್ಕೂ ಗುಂಡಿಗೂ ನಡುವೆ ಎರಡು ವಾರವೂ ಆಗಿರಲಿಲ್ಲ. ಅಲ್ಲಿ ಬೆಲೆ ತೆತ್ತವರು ಯಾರು ಅಂತ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ.

ಶಾಂತವೇರಿ ಗೋಪಾಲಗೌಡರ ಹೆಸರು ನೀನು ಕೇಳಿರಬೇಕು. 1951ರಲ್ಲಿ ಸಾಗರ ಸೀಮೆಯ ಕಾಗೋಡಿನಲ್ಲಿ ಗೇಣಿದಾರರು ಎದ್ದರು. ಗೇಣಿ ಭತ್ತ ಅಳೆಯಲು ಒಡೆಯರು ದೊಡ್ಡ ಕೊಳಗ ಹಿಡಿಯುತ್ತಿದ್ದರು ಎನ್ನುವುದು ಜಗಳದ ಬೇರು. ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಸಂಘಟಿಸಿದ್ದರು, ಗೋಪಾಲಗೌಡರ ಸಮಾಜವಾದಿ ಪಕ್ಷ ಬೆನ್ನಿಗೆ ನಿಂತಿತು, ಪಕ್ಷದ ಮುಂದಾಳು ಲೋಹಿಯಾ ಬಂದು ಬಂಧನಕ್ಕೊಳಗಾದರು. ಗೋಪಾಲಗೌಡರು 1952, 1962, 1967ರಲ್ಲಿ ಶಾಸಕರಾದರು. 1972ರಲ್ಲಿ 49ನೇ ವಯಸ್ಸಿಗೆ ತೀರಿಕೊಂಡರು. ಆಸ್ತಿ ಮಾಡಲಿಲ್ಲ. ಅವರ ಬದುಕಿನ ನೆರಳು ಹಿಡಿದೇ ಅನಂತಮೂರ್ತಿಯವರು ‘ಅವಸ್ಥೆ’ ಬರೆದರು, ಸಿಕ್ಕರೆ ಓದು. ಅವರ ಜೊತೆಯಲ್ಲೇ ಸಮಾಜವಾದ ಕಲಿತ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿ, 1999ರಲ್ಲಿ ಬಿಜೆಪಿ ಜೊತೆ ಹೊಂದಾಣಿಕೆ ಮಾಡಿಕೊಂಡರು. ಅಲ್ಲಿಯೂ ಅದೇ ಪ್ರಶ್ನೆ ಕೇಳು.

ಇನ್ನೊಂದು ಮಾತು ನಿನಗೆ ಕಹಿಯಾದರೂ ಕೇಳು. ಕಾಗೋಡಿನಂಥ ಹೋರಾಟಗಳು ಎತ್ತಿದ ‘ಉಳುವವನೇ ಒಡೆಯ’ ಎಂಬ ಮಾತನ್ನು ಕಾನೂನು ಮಾಡಿ ಜಾರಿಗೆ ತಂದವರು ಕ್ರಾಂತಿಕಾರಿ ಅಂತ ಹೇಳಿಕೊಂಡವರಲ್ಲ. ಕಾಂಗ್ರೆಸ್ಸಿನ ದೇವರಾಜ ಅರಸರು, 1974ರಲ್ಲಿ. ಗೇಣಿದಾರ ಏಳನೇ ನಂಬರ್ ಫಾರಂ ತುಂಬಿ ಭೂ ನ್ಯಾಯಮಂಡಳಿಗೆ ಕೊಟ್ಟ, ಉಳುವ ಹೊಲಕ್ಕೆ ಒಡೆಯನಾದ. ನೀನು ‘ಕ್ರಾಂತಿ’ ಅನ್ನುವಾಗ ಕೆಂಪು ಬಾವುಟ ಕಾಣುತ್ತೀ. ನಮ್ಮ ಎಷ್ಟೋ ಮನೆಗಳಲ್ಲಿ ಕ್ರಾಂತಿ ಅಂದರೆ ಟ್ರಂಕಿನ ತಳದಲ್ಲಿ ಮಡಿಸಿಟ್ಟ ಆ ಫಾರಂನ ಪ್ರತಿ, ಅದರ ಮೇಲಿನ ಹೆಬ್ಬೆಟ್ಟಿನ ಗುರುತು.

ಹಾಗಾದರೆ ನಾಯಕನನ್ನು ಹೇಗೆ ನೋಡುವುದು? ಕಂಬಳಿ ಕೊಳ್ಳುವವರು ಬಣ್ಣಕ್ಕೆ ಮರುಳಾಗದೆ ಬೆಳಕಿಗೆ ಹಿಡಿದು ನೇಯ್ಗೆ ನೋಡುತ್ತಾರಲ್ಲ, ಹಾಗೆ ನೋಡು. ಭಾಷಣ ಮುಗಿದ ಮೇಲಿನ ಅರ್ಧ ತಾಸು ನೋಡು. ನಮ್ಮ ಕಡೆಯ ಒಬ್ಬ ಮುಖಂಡ ಜಾತಿ ಇಲ್ಲ, ಭೇದ ಇಲ್ಲ ಅಂತ ಕಟ್ಟೆ ಮೇಲೆ ನಿಂತು ಗಂಟಲು ಹರಿಯುವಂತೆ ಮಾತಾಡಿದ. ಸಂಜೆ ಅವನ ಅಂಗಳದಲ್ಲಿ ಚಹಾ ಬಂತು. ಹೊರಗಿನಿಂದ ಬಂದ ನಮಗೆ ಸ್ಟೀಲಿನ ಲೋಟ. ಹೊಲದಿಂದ ಬಂದ ಆಳುಗಳಿಗೆ ಗೋಡೆಯ ಬದಿಗೆ ಇಟ್ಟಿದ್ದ ಬೇರೆ ಲೋಟ, ಕುಡಿದವರೇ ತೊಳೆದು ಬೋರಲು ಹಾಕಿ ಹೋಗಬೇಕು. ಹೆಣ್ಣಾಳಿನ ಕೂಲಿ ಗಂಡಾಳಿಗಿಂತ ಕಡಿಮೆ ಯಾಕೆ ಅಂದರೆ ‘ರೂಢಿ’ ಅಂದ. ಅವನ ಸಿದ್ಧಾಂತ ತಿಳಿಯಲು ಪುಸ್ತಕ ಬೇಕಾಗಲಿಲ್ಲ, ಆ ಲೋಟ ಸಾಕಾಯಿತು. ಅದೇ ಸಭೆಗೆ ಬಂದಿದ್ದ ಇನ್ನೊಬ್ಬರು ಹೆಚ್ಚು ಮಾತಾಡಲಿಲ್ಲ. ಎಲ್ಲರೂ ಎದ್ದು ಹೋದ ಮೇಲೆ ಹುಡುಗರ ಜೊತೆ ಜಮಖಾನೆ ಝಾಡಿಸಿ ಮಡಿಸಿದರು, ಉಳಿದ ಚಂದಾ ಹಣ ಎಣಿಸಿ ಎಲ್ಲರೆದುರು ಪಟ್ಟಿಯಲ್ಲಿ ಬರೆಸಿದರು. ಅವರ ಹೆಸರು ನಿಮ್ಮ ಯಾವ ಸ್ಟೇಟಸ್ಸಿನಲ್ಲೂ ಬಂದಿಲ್ಲ.

ಆಡಿದ ಮಾತಿಗೆ ಹೊಣೆ ಹೊರುವುದು ಹೇಗೆ ಅಂತಲೂ ನೋಡು. ನಮ್ಮ ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರದಲ್ಲಿ ತುಂಗಭದ್ರೆಯ ದಂಡೆಗೆ ಅಂಬಿಗರ ಚೌಡಯ್ಯನವರ ಗದ್ದುಗೆ ಇದೆ. ಶರಣರಲ್ಲಿ ಅಷ್ಟು ಖಾರವಾಗಿ ಮಾತಾಡಿದವರು ಇನ್ನೊಬ್ಬರಿಲ್ಲ. ಉಳಿದವರಲ್ಲಿ ಹೆಚ್ಚಿನವರು ದೇವರ ಹೆಸರಿನ ಅಂಕಿತ ಇಟ್ಟುಕೊಂಡರೆ ಇವರು ತಮ್ಮ ಹೆಸರನ್ನು, ಕಸುಬಿನ ಸಮೇತ, ಅಂಕಿತ ಮಾಡಿಕೊಂಡರು. ಬೈದರೆ ನಾನೇ ಬೈದೆ, ದೋಣಿ ಹಾಯಿಸುವ ನಾನೇ, ಅನ್ನುವ ಗಟ್ಟಿತನ ಅದು. ನೀವು ಹುಡುಗರು ಫೇಕ್ ಅಕೌಂಟ್ ತೆರೆದು ಕ್ರಾಂತಿ ಮಾಡುತ್ತೀರಿ!

ಈಗ ನಿನ್ನ ಸರದಿ, ತಪ್ಪಿಸಿಕೊಳ್ಳಬೇಡ. ಶಾಸ್ತ್ರ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುವ ಮಾತು ನಾಯಕರಿಗೆ ಮಾತ್ರ ಅಂದುಕೊಂಡಿದ್ದೀಯೇನು? ಸಮಾನತೆಯ ಬಗ್ಗೆ ಬರೆದು, ಉಂಡ ತಾಟು ಅಲ್ಲೇ ಬಿಟ್ಟು ಏಳುತ್ತೀ. ತಂಗಿ ಕಾಲೇಜಿನಿಂದ ಬಂದು ಅದನ್ನು ತೊಳೆಯುತ್ತಾಳೆ, ಅವಳಿಗೂ ಮರುದಿನ ಪರೀಕ್ಷೆ ಇರುತ್ತದೆ. ಸರಳ ಮದುವೆ ರೈತ ಸಂಘದ ದೊಡ್ಡ ಕಾರ್ಯಕ್ರಮವಾಗಿತ್ತು, ನೀನೂ ಚಪ್ಪಾಳೆ ಹೊಡೆದೆ. ನಿನ್ನ ಮದುವೆಗೆ ಅಪ್ಪ ಹೊಲ ಒತ್ತೆ ಇಡುವ ಮಾತು ಎತ್ತಿದಾಗ ಏನನ್ನುತ್ತೀ? ಸುಮ್ಮನೆ ಕೂತರೆ, ನೀನು ಬಾಗಿದ್ದಕ್ಕೆ ಬೆಲೆ ತೆರುವವನು ನಿಮ್ಮಪ್ಪ. ತಂಗೀ, ನಿನಗೂ ಇದೇ ಮಾತು. ಸಂಘದ ಸಭೆಯಲ್ಲಿ ಹಿಂದೆ ಕೂಡಬೇಡ, ನಿನ್ನ ಬಾಯಲ್ಲೂ ಪ್ರಶ್ನೆ ಬರಲಿ.

ನೀನು ಕೆಡುವ ಹುಡುಗನಲ್ಲ. ನಾಳೆ ನೀನೂ ಒಂದು ಗುಂಪಿಗೆ ಮುಂದಾಳಾಗುತ್ತೀ, ನಿನ್ನ ಮಾತು ಕೇಳಿ ಹತ್ತು ಹುಡುಗರು ಬೀದಿಗೆ ಇಳಿಯುತ್ತಾರೆ. ಅವರಿಗೂ ಮನೆಯಲ್ಲಿ ತಾಯಿ ಇರುತ್ತಾಳೆ. ಆ ಮಾತು ಆಡುವ ಮೊದಲು ಹೊಸರಿತ್ತಿಗೆ ಹೋಗಿ ಬಾ, ಬಸ್ ಚಾರ್ಜ್ ನಾನು ಕೊಡುತ್ತೇನೆ. ಮತ್ತೆ ಮುಂದಿನ ಸಲ ನಮ್ಮ ಊರಿಗೆ ಯಾರಾದರೂ ಶಾಲು ಬೀಸುತ್ತ ಬಂದು ಮೈಕ್ ಹಿಡಿದರೆ ಹಿಂದೆ ನಿಂತು ಕೂಗಬೇಡ, ಶಿಳ್ಳೆ ಹೊಡೆಯಬೇಡ. ಎದ್ದು ನಿಲ್ಲು, ನಿನ್ನ ಹೆಸರು ಹೇಳು, ಸಮಾಧಾನವಾಗಿ ಕೇಳು: ಸಾಹೇಬರೇ, ಹೋದ ಸಲದ ಹೋರಾಟದಲ್ಲಿ ಕೇಸು ಯಾರ ಮೇಲೆ ಬಿತ್ತು, ವಕೀಲರ ಫೀ ಯಾರು ಕೊಟ್ಟರು, ಚಂದಾ ಪಟ್ಟಿ ಎಲ್ಲಿದೆ? ಉತ್ತರ ಬರುವವರೆಗೆ ಕೂಡಬೇಡ.